ಹೊಳೆ ಇಳಿಯುತ್ತದೆ, ಉಪ್ಪು ಹತ್ತುತ್ತದೆ

ಅಘನಾಶಿನಿ ಕಣಿವೆಯಲ್ಲಿ ಅಡಿಕೆ ಕೃಷಿಕನೊಬ್ಬನ ನಾಲ್ಕು ದಿನ

ಪಶ್ಚಿಮಕ್ಕೆ ಹರಿಯುವ ಹೊಳೆಗಳ ಮಾತು ಬಂದಾಗಲೆಲ್ಲ ಒಂದು ವಾಕ್ಯ ತಪ್ಪದೆ ಬರುತ್ತದೆ: 'ನೀರು ಸುಮ್ಮನೆ ಸಮುದ್ರ ಸೇರಿ ಪೋಲಾಗುತ್ತಿದೆ.' ಸಭೆಗಳಲ್ಲಿ ಕೇಳುತ್ತೇವೆ, ಪೇಪರಿನಲ್ಲಿ ಓದುತ್ತೇವೆ. ಹಾಗಾದರೆ ಸಮುದ್ರ ಮುಟ್ಟುವ ಮೊದಲು ಈ ನೀರು ಏನೇನು ಕೆಲಸ ಮಾಡುತ್ತದೆ? ಮೂಲದಿಂದ ಮುಖದ ತನಕ ಒಮ್ಮೆ ಹೋಗಿ ನೋಡಬೇಕೆಂದು ಬಹಳ ಕಾಲದಿಂದ ಇತ್ತು. ಕಳೆದ ಫೆಬ್ರವರಿ ಕೊನೆಗೆ ನಮ್ಮ ತೋಟದ ಕೊಯ್ಲು ಒಂದು ಹಂತಕ್ಕೆ ಬಂದ ಮೇಲೆ ಪುತ್ತೂರಿನಿಂದ ಬಸ್ಸು ಹತ್ತಿದೆ. ಆರಿಸಿಕೊಂಡದ್ದು ಉತ್ತರ ಕನ್ನಡದ ಅಘನಾಶಿನಿಯನ್ನು.

ಆರಿಸಲು ಕಾರಣ ಉಂಟು. ಪಕ್ಕದ ಶರಾವತಿಗೆ ಲಿಂಗನಮಕ್ಕಿ, ಗೇರುಸೊಪ್ಪೆಗಳ ಕಟ್ಟೆ. ಉತ್ತರದ ಕಾಳಿಗೆ ಸೂಪಾದಿಂದ ಕದ್ರಾದ ತನಕ ಒಂದರ ಕೆಳಗೆ ಒಂದು ಕಟ್ಟೆ. ನಡುವಿನ ಅಘನಾಶಿನಿಗೆ ಮಾತ್ರ ದೊಡ್ಡ ಅಣೆಕಟ್ಟೆ ಇಲ್ಲ. ಸುಮಾರು 120 ಕಿಲೋಮೀಟರ್ ತನ್ನಷ್ಟಕ್ಕೆ ಹರಿಯುವ ಹೊಳೆ. ಹೊಳೆಯ ಸ್ವಭಾವ ಏನೆಂದು ನೋಡಬೇಕಾದರೆ ಕಟ್ಟದೆ ಬಿಟ್ಟ ಹೊಳೆಯನ್ನೇ ನೋಡಬೇಕಲ್ಲ?

ಮೂರು ಕಡೆ ನೀರು ಹಂಚುವ ಊರು

ಶಿರಸಿ ಪೇಟೆಯಲ್ಲಿ ಶಂಕರ ಹೊಂಡ ಅಂತ ಒಂದು ಕೊಳ. ಅಘನಾಶಿನಿಯ ಒಂದು ಕವಲಿನ ಮೂಲ ಅದೇ ಅನ್ನುತ್ತಾರೆ. ಇನ್ನೊಂದು ಕವಲು, ಬಾಕೂರು ಹೊಳೆ, ಮಂಜುಗುಣಿ ಕಡೆಯಿಂದ ಬರುತ್ತದೆ. ಎರಡೂ ಶಿರಸಿಯ ದಕ್ಷಿಣಕ್ಕೆ ಮುತ್ತಳ್ಳಿ ಹತ್ತಿರ ಕೂಡುತ್ತವೆ. ನೋಡಿದರೆ 'ಇದಾ ಹೊಳೆ?' ಅನ್ನಿಸುವಷ್ಟು ಸಣ್ಣ ತೋಡು!

ಶಿರಸಿ ನಿಂತಿರುವ ಜಾಗ ಮಾತ್ರ ಕೃಷಿಕರು ಗಮನಿಸಬೇಕಾದದ್ದು. ಪೇಟೆಯ ಪೂರ್ವಕ್ಕೆ ಬಿದ್ದ ಮಳೆ ಬನವಾಸಿಯ ಹತ್ತಿರ ವರದೆ ಸೇರಿ, ತುಂಗಭದ್ರೆಯಾಗಿ, ಕೃಷ್ಣೆಯಾಗಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಉತ್ತರಕ್ಕೆ ಬಿದ್ದದ್ದು ಸೋಂದೆಯ ಶಾಲ್ಮಲೆ, ಬೇಡ್ತಿ, ಗಂಗಾವಳಿಯಾಗಿ ಅರಬ್ಬಿ ಸಮುದ್ರಕ್ಕೆ. ದಕ್ಷಿಣ, ಪಶ್ಚಿಮದ್ದು ಅಘನಾಶಿನಿಗೆ. ನೀರಿಗೆ ಇಷ್ಟು ಹತ್ತಿರದಲ್ಲಿ ದಾರಿ ಬೇರೆಯಾಗುವುದರಿಂದಲೇ 'ಇತ್ತ ಹೋಗುವುದನ್ನು ಅತ್ತ ತಿರುಗಿಸಿದರೆ ಆಯಿತಲ್ಲ' ಎಂಬ ಯೋಚನೆ ಯೋಜನೆ ಮಾಡುವವರಿಗೆ ಬರುತ್ತದೆ. ಆ ವಿಷಯಕ್ಕೆ ಕೊನೆಗೆ ಬರೋಣ.

ಶಿರಸಿ ಅಂದರೆ ಅಡಿಕೆ ಪೇಟೆ. ಬೆಳೆಗಾರರೇ 1923ರಲ್ಲಿ ಕಟ್ಟಿದ ತೋಟಗಾರ್ಸ್ ಸೇಲ್ ಸೊಸೈಟಿ ನೂರು ವರ್ಷ ದಾಟಿ ನಡೆಯುತ್ತಿದೆ. ನಮ್ಮಲ್ಲಿ ಚಾಲಿ ಒಂದೇ ಲೆಕ್ಕ. ಇಲ್ಲಿ ಚಾಲಿಯೂ ಉಂಟು, ಬೇಯಿಸಿದ ಕೆಂಪಡಿಕೆಯೂ ಉಂಟು. 'ಶಿರಸಿ ಸುಪಾರಿ'ಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ.

ನೀರು ಹೊರಗೆ ಬಿಡುವ ತೋಟ

ಮುತ್ತಳ್ಳಿಯಿಂದ ಕೆಳಗೆ ಒಬ್ಬರ ತೋಟಕ್ಕೆ ಹೋದೆ. 'ಬನ್ನಿ ಬನ್ನಿ, ಆಸರಿಗೆ ಎಂತ ಆಗ್ತು?' ಅಂತ ಕೇಳಿ ಕೋಕಂ ಪಾನಕ ಕೊಟ್ಟರು. ಅಂಗಳದಿಂದ ಇಳಿದರೆ ತೋಟ. ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆ, ಅದರ ತಳದಲ್ಲಿ ಅಡಿಕೆ, ಮರಕ್ಕೆ ಕಾಳುಮೆಣಸು, ಬುಡದಲ್ಲಿ ಏಲಕ್ಕಿ. ನಡುನಡುವೆ ಆಳದ ಬಸಿಗಾಲುವೆ.

ನಾನು ಕೇಳಿದೆ, 'ನೀರಾವರಿ ಹೇಗೆ?'

ಅವರು ನಕ್ಕರು. 'ನಮ್ಮ ಅಜ್ಜನ ಕಾಲದಲ್ಲಿ ತೋಟಕ್ಕೆ ನೀರು ತರುವುದು ಅಂತ ಕೆಲಸವೇ ಇರಲಿಲ್ಲ ಮಾರಾಯ್ರೆ. ತೋಟದ ನೀರನ್ನು ಹೊರಗೆ ಬಿಡುವುದೇ ಕೆಲಸ! ಈಗ ಫೆಬ್ರವರಿಗೇ ಪಂಪು ಹಾಕ್ತೇವೆ.'

ಬೇಸಿಗೆಯಲ್ಲಿ ಕಟ್ಟ ಹಾಕಿ, ತೋಡಿನ ನೀರು ಏರಿಸಿ ತೋಟ ಉಳಿಸಿಕೊಂಡು ಬಂದ ನಮ್ಮ ಕಡೆಯವರಿಗೆ ಇದು ಬೇರೆಯೇ ಪಾಠ. ಇಲ್ಲಿ ನೀರಿನ ಟಾಂಕಿ ಇರುವುದು ಗುಡ್ಡದಲ್ಲಿ. ಅದಕ್ಕೆ ಅವರು 'ಸೊಪ್ಪಿನ ಬೆಟ್ಟ' ಅನ್ನುತ್ತಾರೆ. ಬ್ರಿಟಿಷರ ಕಾಲದಿಂದ ಬಂದ ಹಕ್ಕು. ಎಕರೆ ತೋಟಕ್ಕೆ ಗರಿಷ್ಠ 9 ಎಕರೆ ಬೆಟ್ಟ. ಭೂಮಿ ಅರಣ್ಯದ್ದು, ಸೊಪ್ಪು ತೋಟದವರದ್ದು. ಹಸಿರು ಸೊಪ್ಪು, ಒಣಗಿದ ದರಕು ಕೊಟ್ಟಿಗೆಗೆ ಹೋಗಿ, ಗೊಬ್ಬರವಾಗಿ ತೋಟಕ್ಕೆ ಇಳಿಯುತ್ತದೆ. ಬೆಟ್ಟದಲ್ಲಿ ಮರ ದಟ್ಟವಿದ್ದಷ್ಟು ಮಳೆ ನೀರು ನಿಧಾನಕ್ಕೆ ಇಂಗಿ, ನಿಧಾನಕ್ಕೆ ತೋಟದ ಕಾಲುವೆಗೆ ಬಸಿದು, ಅಲ್ಲಿಂದ ಹೊಳೆಗೆ ಹೋಗುತ್ತದೆ. ಒಂದೊಂದು ತೋಟವೂ ಹೊಳೆಗೆ ಒಂದೊಂದು ಒರತೆ!

'ಬೆಟ್ಟ ಚೆನ್ನಾಗಿಟ್ಟುಕೊಂಡವರ ತೋಟದ ಕಾಲುವೆ ಈಗಲೂ ಹರೀತಾ ಉಂಟು. ಬೋಳಿಸಿದವರದ್ದು ಸಂಕ್ರಾಂತಿಗೇ ನಿಂತ್ಹೋಗ್ತು' ಅಂದರು ತೋಟದ ಯಜಮಾನರು. ಅದೇ ದಾರಿಯಲ್ಲಿ ಅರ್ಧ ಮೈಲು ನಡೆದು ಎರಡು ಬೆಟ್ಟಗಳನ್ನು ಅಕ್ಕಪಕ್ಕ ತೋರಿಸಿದರು. ಒಂದರ ಕೆಳಗೆ ಕಾಲುವೆಯಲ್ಲಿ ಪಾದ ಮುಳುಗುವಷ್ಟು ನೀರು. ಇನ್ನೊಂದರಲ್ಲಿ ಒಣ ಎಲೆ.

ಮಿಡಿಗೆ ಹೊಳೆ, ಹೊಳೆಗೆ ಮಿಡಿ

ಕೆಳಗೆ ಹೋದಂತೆ ಹೊಳೆಯ ಎರಡು ದಂಡೆಗೂ ಅಪ್ಪೆಮಾವು. ನಾವು ಕಾಡುಮಾವಿನ ಮಿಡಿ ಅನ್ನುತ್ತೇವಲ್ಲ, ಅದರಲ್ಲೇ ಸುವಾಸನೆಯ ಜಾತಿ. ಹೊಳೆಯಂಚಿನ ಮರದ ಮಿಡಿಗೇ ರುಚಿ, ಪರಿಮಳ ಹೆಚ್ಚು ಎನ್ನುವುದು ಇಲ್ಲಿಯವರ ಅನುಭವ. ಒಂದೊಂದು ಮರಕ್ಕೂ ಹೆಸರು. ಅನಂತ ಭಟ್ಟನ ಅಪ್ಪೆ ಅಂದರೆ ಜಿಲ್ಲೆ ದಾಟಿ ಗೊತ್ತು. ಮಿಡಿ ಕೊಯ್ಯುವಾಗ ತೊಟ್ಟು ಮುರಿಯಬಾರದು, ಸೊನೆ ಹೋಗಬಾರದು, ನೆಲಕ್ಕೆ ಬಿದ್ದು ಪೆಟ್ಟಾಗಬಾರದು. ಮರದ ಮೇಲಿಂದಲೇ ಬುಟ್ಟಿಗೆ ಹಗ್ಗ ಕಟ್ಟಿ ಇಳಿಸುತ್ತಾರೆ. ಆತುರಕ್ಕೆ ಗೆಲ್ಲನ್ನೇ ಕಡಿದು ಕೊಯ್ಯುವವರೂ ಹುಟ್ಟಿಕೊಂಡದ್ದರಿಂದ ಒಳ್ಳೊಳ್ಳೆ ಮರಗಳು ಹೋಗಿವೆ. ಸಮಾಧಾನದ ಸಂಗತಿಯೆಂದರೆ ಅಪ್ಪೆಗೆ ಕಸಿ ಕಟ್ಟುವುದು ಈಗ ಊರಿನ ಕೃಷಿಕರ ಕೈಗೇ ಬಂದಿದೆ. ಹೊಳೆಯ ಮರ ತೋಟಕ್ಕೆ ಬರುತ್ತಿದೆ.

ಕೊಯ್ದ ಮಿಡಿ ಮೊದಲು ಸೇರುವುದು ಹರಳುಪ್ಪಿಗೆ. ಉಪ್ಪಿನಲ್ಲಿ ಕೂತು ಮುರುಟಿದ ಮೇಲೆಯೇ ಸಾಸಿವೆ, ಮೆಣಸು. ಮನೆಯೊಡತಿಯೊಬ್ಬರು, 'ಪ್ಯಾಕೆಟ್ಟಿನ ಪುಡಿ ಉಪ್ಪಿನಲ್ಲಿ ಮಿಡಿ ಉಳಿಯೂದಿಲ್ಲ, ಸಾಣಿಕಟ್ಟೆ ಉಪ್ಪೇ ಆಗ್ಬೇಕು' ಅಂದರು. ಸಾಣಿಕಟ್ಟೆ ಇರುವುದು ಗೋಕರ್ಣದ ಹತ್ತಿರ, ಇದೇ ಹೊಳೆಯ ಬಾಯಲ್ಲಿ!

ಕೆಪ್ಪ ಜೋಗ

ಸಿದ್ದಾಪುರ ತಾಲೂಕಿನ ಹೆಗ್ಗರಣೆ ಹತ್ತಿರ ಹೊಳೆ ಘಟ್ಟದಿಂದ ಕಾಲು ಜಾರುತ್ತದೆ. ಉಂಚಳ್ಳಿ ಜಲಪಾತ, 116 ಮೀಟರ್. ಮಳೆಗಾಲದಲ್ಲಿ ಹತ್ತಿರ ನಿಂತವರ ಕಿವಿ ಕೇಳುವುದಿಲ್ಲವೆಂದು ಜನ ಇಟ್ಟ ಹೆಸರು ಕೆಪ್ಪ ಜೋಗ. 1845ರಲ್ಲಿ ಜಿಲ್ಲೆಯ ಕಲೆಕ್ಟರಾಗಿದ್ದ ಲಶಿಂಗ್ಟನ್ ಇದನ್ನು 'ಕಂಡುಹಿಡಿದ'ನೆಂದು ಅವನ ಹೆಸರನ್ನೂ ಇಟ್ಟಿದ್ದಾರೆ. ಅಷ್ಟರ ತನಕ ಕಿವಿ ಕೆಪ್ಪಾಗುತ್ತಿದ್ದದ್ದು ಯಾರಿಗೋ!

ಫೆಬ್ರವರಿಯಲ್ಲಿ ಕಿವಿ ಕೇಳುತ್ತದೆ. ಆದರೂ ಬಂಡೆಯ ಮೈ ತುಂಬ ನೀರು ಇಳಿಯುತ್ತಿತ್ತು. ಕೊನೆಯ ಮಳೆ ಹೋಗಿ ಎಷ್ಟು ತಿಂಗಳಾಯಿತು ಲೆಕ್ಕ ಹಾಕಿ. ಈ ನೀರು ಮೇಲಿನ ಬೆಟ್ಟ, ಕಾನು, ತೋಟಗಳು ಹಿಡಿದಿಟ್ಟು ಬಿಟ್ಟದ್ದು. ಸುತ್ತಲ ಕಾಡಿನಲ್ಲಿ ಸಿಂಗಳೀಕಗಳಿವೆ. ರಾಮಪತ್ರೆಯ ಜಾತಿಯ ಮರಗಳು ನೀರಿನಲ್ಲೇ ಬೇರು ಎತ್ತಿ ನಿಲ್ಲುವ ಜೌಗುಗಳಿವೆ. 2011ರಲ್ಲಿ ಸರಕಾರ ಇದನ್ನು ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಎಂದು ಘೋಷಿಸಿತು.

ಘಟ್ಟದ ಕೆಳಗಿನ ಪೇಟೆಗಳು

ದೇವಿಮನೆ ಘಟ್ಟ ಇಳಿದು ಕುಮಟೆಗೆ ಬಂದೆ. ಸೆಕೆ ಮುಖಕ್ಕೆ ಹೊಡೆಯಿತು. ಈ ಘಟ್ಟಕ್ಕೂ ಹತ್ತಿಗೂ ಸಂಬಂಧ ಇದೆ. 19ನೇ ಶತಮಾನದಲ್ಲಿ ಧಾರವಾಡ ಕಡೆಯ ಹತ್ತಿ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟೆಯ ಬಂದರಿಂದ ಮುಂಬೈಗೆ ಹೋಗುತ್ತಿತ್ತು. ಕುಮಟೆಯಲ್ಲಿ ಹತ್ತಿ ಬೆಳೆಯದಿದ್ದರೂ ಲೋಕದ ಮಾರುಕಟ್ಟೆಯಲ್ಲಿ ಅದು 'ಕುಮಟಾ ಹತ್ತಿ'! 1880ರ ದಶಕದಲ್ಲಿ ಹುಬ್ಬಳ್ಳಿಗೆ ರೈಲು ಬಂದ ಮೇಲೆ ಆ ವ್ಯಾಪಾರ ಇಳಿಯಿತು. ಇದಕ್ಕಿಂತ ಹಿಂದೆ ಇಲ್ಲಿಂದ ಹೋಗುತ್ತಿದ್ದದ್ದು ಕಾಳುಮೆಣಸು. ಹೊಳೆದಂಡೆಯ ಮಿರ್ಜಾನ ಕೋಟೆ ಅದರ ಗುರುತು. 16ನೇ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕರೆದದ್ದೇ 'ಮೆಣಸಿನ ರಾಣಿ' ಎಂದು. ಮೆಣಸಿನ ಕೃಷಿಕರು ಆ ಕೋಟೆಯ ಕೆಂಪು ಮುರಕಲ್ಲಿನ ಮೇಲೆ ಒಂದು ಗಳಿಗೆ ಕುಳಿತು ಬರಬೇಕು.

ಮಿರ್ಜಾನದಿಂದ ಮೇಲೆ ಉಪ್ಪಿನಪಟ್ಟಣ. ಹೆಸರೇ ಕಥೆ ಹೇಳುತ್ತದೆ. ಭರತದ ನೀರು ಏರುವುದು, ಹಿಂದಿನ ಕಾಲದ ದೋಣಿಗಳು ಬರುತ್ತಿದ್ದದ್ದು ಸುಮಾರು ಅಲ್ಲಿಯ ತನಕ. ಹೊಳೆಗೆ ಅಲ್ಲಿಂದ ಕೆಳಗೆ ಎರಡು ಯಜಮಾನರು. ಮಳೆಗಾಲದಲ್ಲಿ ಘಟ್ಟದ ಸಿಹಿನೀರಿನ ಕಾರುಬಾರು; ಬೇಸಿಗೆಯಲ್ಲಿ ಸಮುದ್ರದ ಉಪ್ಪುನೀರಿನದ್ದು. ಇವರಿಬ್ಬರ ಪಾಳಿ ಬದಲಾಗುವುದರ ಮೇಲೆ ಇಲ್ಲಿಯ ಕೃಷಿ ನಿಂತಿದೆ.

ಉಪ್ಪು ತಿಂದು ಬೆಳೆಯುವ ಕಗ್ಗ

ಮಾಣಿಕಟ್ಟಾ, ಹಿರೇಗುತ್ತಿ, ಬೆಟ್ಕುಳಿ ಕಡೆ ಹೊಳೆಯಂಚಿನ ತಗ್ಗು ಗದ್ದೆಗಳಿಗೆ ಗಜನಿ ಅಂತ ಹೆಸರು. ನಾನು ಹೋದಾಗ ಗದ್ದೆ ಪೂರಾ ಉಪ್ಪುನೀರು. 'ಇದರಲ್ಲಿ ಭತ್ತ ಬೆಳೀತದೆ ಅಂದ್ರೆ ನಂಬ್ತೀರಾ?' ಅಂತ ಗಜನಿಯ ಕೃಷಿಕರೊಬ್ಬರು ದಂಡೆಯಲ್ಲಿ ನಿಂತು ಕೇಳಿದರು. ಅವರು ಹೇಳಿದ ಕ್ರಮ ಹೀಗೆ:

ಗದ್ದೆಗೂ ಹೊಳೆಗೂ ನಡುವೆ ಒಡ್ಡು. ಒಡ್ಡಿಗೆ ಹಲಗೆಯ ಬಾಗಿಲು. ಮಳೆ ಹಿಡಿದ ಮೇಲೆ ಇಳಿತದ ಹೊತ್ತಿಗೆ ಬಾಗಿಲು ತೆಗೆದು ಗದ್ದೆಯ ಉಪ್ಪುನೀರನ್ನು ಹೊರಗೆ ಬಿಡುವುದು, ಭರತದ ಹೊತ್ತಿಗೆ ಮುಚ್ಚುವುದು. ಆಕಾಶದ ನೀರು ಮಣ್ಣನ್ನು ತೊಳೆಯುತ್ತದೆ. ಹೊಳೆಯಲ್ಲೂ ಘಟ್ಟದ ನೀರು ತುಂಬಿ ಉಪ್ಪು ಹಿಂದೆ ಸರಿದಿರುತ್ತದೆ. ಆಗ ಮೊಳಕೆ ಬರಿಸಿದ ಕಗ್ಗದ ಬೀಜ ಎರಚುವುದು. ಗೊಬ್ಬರ ಇಲ್ಲ, ಮದ್ದು ಇಲ್ಲ. ನೆರೆ ಬಂದು ಕೆಲವು ದಿನ ಮುಳುಗಿದರೂ ಕಗ್ಗ ಸಾಯುವುದಿಲ್ಲ. ಸ್ವಲ್ಪ ಉಪ್ಪು ಬಂದರೂ ತಡೆಯುತ್ತದೆ. ಎದೆಯೆತ್ತರ ಬೆಳೆಯುತ್ತದೆ. ಕೊಯ್ಯುವಾಗ ತೆನೆ ಮಾತ್ರ ಕೊಯ್ದು ಹುಲ್ಲನ್ನು ಗದ್ದೆಗೇ ಬಿಡುತ್ತಾರೆ. ಆಮೇಲೆ ಉಪ್ಪುನೀರು ಒಳಗೆ. ಕೊಳೆಯುವ ಹುಲ್ಲಿನ ಆಸರೆಗೆ ಶೆಟ್ಲಿ, ಅಂದರೆ ಸಿಗಡಿ, ಮೀನು ಬಂದು ಬೆಳೆಯುತ್ತವೆ. ಒಂದೇ ಗದ್ದೆ, ಎರಡು ಬೆಳೆ! ಕೇರಳದ ಪೊಕ್ಕಾಳಿ, ಕಣ್ಣೂರಿನ ಕೈಪಾಡ್ ಗದ್ದೆಗಳು ಇದರ ದಾಯಾದಿಗಳು.

ಆದರೆ ಕಗ್ಗ ಕಡಿಮೆಯಾಗುತ್ತಾ ಬಂದಿದೆ. ಕಾರಣ ಕೇಳಿದರೆ ಉದ್ದ ಪಟ್ಟಿ. ಕೂಲಿ ಇಲ್ಲ. ಸಿಗಡಿಗೆ ಗುತ್ತಿಗೆ ಕೊಟ್ಟರೆ ಕೂತಲ್ಲಿಗೆ ಹಣ. ಗುತ್ತಿಗೆಯವರಿಗೆ ಉಪ್ಪುನೀರು ಬೇಕು, ಭತ್ತದವರಿಗೆ ಸಿಹಿನೀರು. ಬಾಗಿಲು ಮಾತ್ರ ಒಂದೇ. ಎಲ್ಲಕ್ಕಿಂತ ದೊಡ್ಡದು ಒಡ್ಡು. ಒಬ್ಬನ ಗದ್ದೆಯ ಎದುರು ಒಡೆದರೆ ನೂರು ಜನರ ಗದ್ದೆಗೆ ಉಪ್ಪು. ಎಲ್ಲರೂ ಒಟ್ಟಾಗಿ ಕಟ್ಟಬೇಕು, ಎಲ್ಲರೂ ಒಟ್ಟಿಗೇ ಬಿತ್ತಬೇಕು. ನಾಲ್ಕು ಜನ ಹಿಂದೆ ಸರಿದರೆ ಉಳಿದವರ ಕೃಷಿಯೂ ಮುಗಿಯಿತು. ನಮ್ಮ ಬೈಲುಗಳಲ್ಲಿ ಸಾಮೂಹಿಕ ಕಟ್ಟ ನಿಂತುಹೋದದ್ದು ಇದೇ ದಾರಿಯಲ್ಲಿ ಅಲ್ಲವೇ? ಮಾಣಿಕಟ್ಟಾದ ರೈತರು ಒಟ್ಟಾಗಿ ಕಗ್ಗವನ್ನು ಉಳಿಸಿಕೊಂಡು ಬಂದಿದ್ದಾರೆ ಎನ್ನುವುದು ಈ ಕಾರಣಕ್ಕೇ ದೊಡ್ಡ ಸುದ್ದಿ. ಉಪ್ಪು ತಡೆಯುವ ಬೀಜ ಕರಾವಳಿಗೆ ಇನ್ನು ಮುಂದೆ ಎಷ್ಟು ಬೇಕಾದೀತೋ!

ಇಳಿತದ ಹೊತ್ತಿನ ಗದ್ದೆ

ನಾಲ್ಕನೇ ದಿನ ಬೆಳಗ್ಗೆ ಇಳಿತ. ಹೊಳೆಯ ನಡುವೆ ಮರಳು ದಿಣ್ಣೆಗಳು ಎದ್ದಿದ್ದವು. ಹೆಂಗಸರು, ಗಂಡಸರು, ದೋಣಿಗಳು. ಸೊಂಟದ ತನಕ ನೀರಿಗಿಳಿದು ಕಾಲಿನಲ್ಲೇ ತಡಕಿ ಬಳಚು ಆರಿಸುತ್ತಿದ್ದರು. ಬಂಡವಾಳ ಒಂದು ಬುಟ್ಟಿ!

ಇಲ್ಲೂ ಉಪ್ಪಿನದೇ ಲೆಕ್ಕ. ಒಂದು ಜಾತಿಯ ಕಪ್ಪು ಚಿಪ್ಪಿನ ಬಳಚು ಸಿಹಿನೀರು ಹೆಚ್ಚಿರುವ ಮೇಲ್ಭಾಗದಲ್ಲಿ, ಇನ್ನೊಂದು ನಡುವೆ, ಮತ್ತೊಂದು ಅಳಿವೆಯ ಬಾಯಿಗೆ ಹತ್ತಿರ. ಉಪ್ಪು-ಸಿಹಿಯ ಗಡಿ ಸರಿದರೆ ಇವುಗಳ ಮನೆಯೂ ಹೋಗುತ್ತದೆ. ಬುಟ್ಟಿ ತುಂಬಿಸಿ ದಡಕ್ಕೆ ಬಂದ ಒಬ್ಬ ಹೆಂಗಸು, 'ಮಳೆ ಸಮ ಬಂದ ವರ್ಷ ಬಳಚೂ ಸಮ. ಹೊಳೆ ನಮ್ಮನ್ನು ಉಪವಾಸ ಹಾಕ್ಲಿಲ್ಲ ಅಣ್ಣಾ' ಅಂದಳು.

ತಿಂದು ಉಳಿದ ಚಿಪ್ಪು ಸುಟ್ಟರೆ ಸುಣ್ಣ. ಚಿಪ್ಪಿನ ಸುಣ್ಣದ ಬೆಲೆ ಅಡಿಕೆಯವರಿಗೆ ಹೇಳಿಕೊಡಬೇಕಾಗಿಲ್ಲ. ಕೊಳೆರೋಗಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣ. ಮತ್ತೆ ಎಲೆಯಡಿಕೆಗೆ ಚಿಟಿಕೆ ಸುಣ್ಣ. ಘಟ್ಟದ ಮೇಲಿನ ಅಡಿಕೆಯೂ ಅಳಿವೆಯ ಚಿಪ್ಪೂ ಕೊನೆಗೆ ಒಂದೇ ಬಾಯಿಯಲ್ಲಿ ಕೂಡುತ್ತವೆ!

ಆಚೆ ದಡದ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರ. ಭರತದ ನೀರನ್ನು ಮಡಿಯಿಂದ ಮಡಿಗೆ ಬಿಟ್ಟು, ಬಿಸಿಲಿಗೆ ದಪ್ಪ ಮಾಡಿ, ಹರಳು ಕಟ್ಟಿದ ಮೇಲೆ ಎಳೆದು ರಾಶಿ ಹಾಕುತ್ತಾರೆ. ಅಗರದ ಯಜಮಾನರದ್ದೇ ಸಹಕಾರಿ ಸಂಘ ಉಂಟು. ಆ ರಾಶಿ ನೋಡುವಾಗ ಮೇಲೆ ಹೆಗ್ಗರಣೆ ದಾರಿಯ ಮನೆಯ ಮಿಡಿ ಭರಣಿ ನೆನಪಾಯಿತು. ಹೊಳೆ ಮೇಲಿಂದ ನೀರು, ಗೋಡು, ಎಲೆಯ ಸಾರ ಕೆಳಗೆ ಕೊಡುತ್ತದೆ. ಕೆಳಗಿನವರು ಉಪ್ಪು, ಸುಣ್ಣ, ಒಣಮೀನು ಘಟ್ಟ ಹತ್ತಿಸುತ್ತಾರೆ. ಲೆಕ್ಕ ಸಮ.

ಈಗಿನ ಪ್ರಶ್ನೆ

ಈ ಲೆಕ್ಕ ತಪ್ಪಿಸುವ ಯೋಜನೆಗಳು ಬಂದದ್ದು ಒಂದೆರಡಲ್ಲ. 2000ದ ದಶಕದಲ್ಲಿ ತದಡಿಯಲ್ಲಿ 4,000 ಮೆಗಾವ್ಯಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಅಂದರು. ಮೀನುಗಾರರು, ಕೃಷಿಕರು, ವಿಜ್ಞಾನಿಗಳು ವಿರೋಧಿಸಿದ ಮೇಲೆ ಅದು ಹಿಂದೆ ಸರಿಯಿತು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗುನೆಲಗಳ ಪಟ್ಟಿಗೆ ಸೇರಿತು. ಸಂತೋಷ. ಆದರೆ 2025ರಲ್ಲಿ ಅಘನಾಶಿನಿಯ ನೀರನ್ನು ಪೂರ್ವಕ್ಕೆ, ವೇದಾವತಿಗೆ ತಿರುಗಿಸುವ ಪ್ರಸ್ತಾವದ ಮಾತು ಮತ್ತೆ ಎದ್ದಿತು.

ಅಳಿವೆಗೆ ಗೌರವ ಕೊಟ್ಟು ಅದರ ಸಿಹಿನೀರನ್ನು ಮೇಲೆಯೇ ತಿರುಗಿಸಿದರೆ ಆ ಗೌರವಕ್ಕೆ ಏನು ಅರ್ಥ? ಪೂರ್ವದ ಬಯಲಿನ ರೈತನ ಬಾಯಾರಿಕೆ ಸುಳ್ಳಲ್ಲ. ಅವನೂ ನಮ್ಮಂತೆ ಕೃಷಿಕನೇ. ಆದರೆ ಇಲ್ಲಿ 'ಹೆಚ್ಚಾದ' ನೀರು ಯಾವುದು? ಗಜನಿಯ ಉಪ್ಪು ತೊಳೆದದ್ದಾ, ಬಳಚಿಗೆ ಗಡಿ ಹಾಕಿದ್ದಾ, ಹೊಳೆಯಂಚಿನ ಬಾವಿಗಳನ್ನು ಸಿಹಿಯಾಗಿಟ್ಟದ್ದಾ? ನೇತ್ರಾವತಿಯ ಮೇಲ್ಕವಲುಗಳಿಂದ ನೀರೆತ್ತುವ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಆ ಹೊಳೆಯ ಕೆಳಗೆ ಕುಳಿತ ನಮ್ಮ ಜಿಲ್ಲೆಯವರು ಕೇಳಬೇಕಾದದ್ದೂ ಇದೇ ಪ್ರಶ್ನೆ.

ಸರಕಾರಕ್ಕೆ ಹೇಳುವಾಗ ನಮಗೂ ಒಂದು ಮಾತು ಹೇಳಿಕೊಳ್ಳಬೇಕು. ಬೆಟ್ಟ ಬೋಳಾದರೆ, ಫೆಬ್ರವರಿಯಲ್ಲೇ ತೋಡಿಗೆಲ್ಲ ಪಂಪು ಬಿದ್ದರೆ, ಹೊಳೆ ತಿರುಗಿಸಲು ಯಾವ ಸುರಂಗವೂ ಬೇಡ. ಮುತ್ತಳ್ಳಿ ಹತ್ತಿರದ ಯಜಮಾನರು ತಮ್ಮ ಬೆಟ್ಟದಲ್ಲಿ ಕಳೆದ ಕೆಲವು ವರ್ಷಗಳಿಂದ ಇಂಗುಗುಂಡಿ ತೋಡಿಸುತ್ತಿದ್ದಾರೆ, ಸೊಪ್ಪನ್ನು ಸರದಿಯಲ್ಲಿ ಕೊಯ್ಯುತ್ತಿದ್ದಾರೆ. 'ಕೆಳಗಿನವರಿಗಾಗಿ ಅಲ್ಲ, ನನ್ನ ತೋಟಕ್ಕಾಗಿ' ಅಂದಿದ್ದರು. ಇರಲಿ, ನೀರು ಇಬ್ಬರಿಗೂ ಮುಟ್ಟುತ್ತದೆ.

ಹೋಗುವವರಿಗೆ

ಶಿರಸಿಯಲ್ಲಿ ಉಳಿದುಕೊಂಡರೆ ಉಂಚಳ್ಳಿ, ತೋಟಗಳು, ಬನವಾಸಿ ಎಲ್ಲ ನೋಡಬಹುದು. ಕುಮಟೆಗೆ ಕೊಂಕಣ ರೈಲು ಉಂಟು. ಮಿರ್ಜಾನ, ಗಜನಿ, ಗೋಕರ್ಣ, ಸಾಣಿಕಟ್ಟೆ ಅಲ್ಲಿಂದ ಹತ್ತಿರ. ಘಟ್ಟದ ರಸ್ತೆಯಲ್ಲಿ ಮಳೆಗಾಲದಲ್ಲಿ ಗುಡ್ಡ ಜರಿಯುವುದುಂಟು, ವಿಚಾರಿಸಿ ಹೊರಡಿ. ತದಡಿಯಿಂದ ಅಘನಾಶಿನಿ ಊರಿಗೆ ದೋಣಿಯಲ್ಲಿ ದಾಟಿ. ಅಳಿವೆ ಅರ್ಥವಾಗಬೇಕಾದರೆ ಅದೇ ಒಳ್ಳೆಯದು. ಬಳಚು ನೋಡಲು ಇಳಿತದ ಹೊತ್ತು ಕೇಳಿಕೊಳ್ಳಿ. ಉಪ್ಪಿನ ಕೆಲಸ ಜನವರಿಯಿಂದ ಮೇ ತನಕ. ಕಗ್ಗದ ಹಸಿರು ನೋಡಬೇಕಾದರೆ ಆಗಸ್ಟ್, ಸೆಪ್ಟೆಂಬರ್. ಬರುವಾಗ ಒಂದು ಚೀಲ ಹರಳುಪ್ಪು ತನ್ನಿ. ಈ ಸಲದ ಮಿಡಿಗೆ ಆದೀತು.